ಹನ್ನೆರಡು ಗಂಟಿನ ಹಗ್ಗ

ಹಗ್ಗಕ್ಕ ಹನ್ನೆರಡು ಗಂಟು.
ಹಳೇ ಇಳಕಲ್ ಸೀರಿ ಹರದು ನಾನೇ ಹೊಸದದ್ದು,
ಸೆರಗಿನ ಕೆಂಪು ಅಲ್ಲಲ್ಲಿ ಇನ್ನೂ ಇಣಕತದ.
ಒಂದೊಂದು ಗಂಟಿಗೆ ಒಂದೊಂದು ಮುಷ್ಟಿ,
ಮುಂದ ನಾನು, ಹಿಂದ ರೇಣವ್ವ,
ನಡುವ ಹಳದಿ ಟೊಪ್ಪಿಗಿ ಸಾಲು.
ನವನಗರದ ಸೆಕ್ಟರ್ ದಾಟಿ ಸೆಕ್ಟರಿಗೆ,
ಅಲ್ಲಿಂದ ಪಾರ್ಕಿಗೆ.

ಈ ಊರೇ ನಂಬರಿನ ಊರು.
ಹಳೇ ಊರಿನ ಓಣಿಗೆಲ್ಲಾ ಹೆಸರಿದ್ದವು,
ಮುಳುಗಡಿ ಬಂತು, ಗೋಡಿ ಮ್ಯಾಲೆ ನಂಬರ್ ಬರದ್ರು.
ನಮ್ಮವ್ವ ಸಾಯೂತನಕಾ ವಿಳಾಸ ಕೇಳಿದ್ರ
"ಹೊಳಿ ಕಡೆ, ಬೇವಿನ ಗಿಡದ ಮನಿ" ಅಂತಿದ್ಲು.
ನಾ ಲಗೂನ ಕಲತೆ. ಒಂದು, ಎರಡು, ಮೂರು.
ಗೇಟಿನ್ಯಾಗ ಒಮ್ಮೆ, ರಸ್ತಾ ದಾಟಿ ಒಮ್ಮೆ,
ಜೋಕಾಲಿ ಹತ್ರ ನಿಂತು ಜೋರಾಗಿ ಒಮ್ಮೆ.

ಮಾರ್ಚಿನ ಹನ್ನೊಂದು ಗಂಟೆ.
ಜಾರುಬಂಡಿ ತಗಡು ಮುಟ್ಟಿದೆ, ಹಂಚಿನಂಗ ಕಾದಿತ್ತು.
ತಂಬಿಗಿ ನೀರು ಸುರದೆ, ಚುಂಯ್ ಅಂತು.
(ಸುಟ್ಟ ತೊಡಿಯ ಕೂಸಿನ ತಾಯಿಗೆ ಉತ್ತರ ಕೊಟ್ಟಾಕಿ ನಾನು,
ಅದು ಬ್ಯಾರೆ ವರ್ಷದ ಕತಿ.)
ಗಾಜಿನ ಚೂರು ಆರಿಸಿ ಉಡಿಯೊಳಗ ಹಾಕೊಂಡೆ.
ರೇಣವ್ವ ಜೋಕಾಲಿಯ ಸವದ ಕೊಂಡಿ ತೋರಿಸಿ
"ಇದರ ಹಂತ್ಯಾಕ ಯಾರೂ ಬರಬ್ಯಾಡ್ರಿ" ಅಂತಿದ್ಲು.
ಎಲ್ಲಾ ನೋಡಿದ್ವಿ ನಾವು. ಎಲ್ಲಾನೂ.

ಹೊಂಡೂ ಮುಂದ ಎಣಸಿದೆ, ಹನ್ನೆರಡು.
ರಸ್ತಾ ದಾಟಿ ಎಣಸಿದೆ, ಹನ್ನೆರಡು.
ರಿಜಿಸ್ಟರಿನ್ಯಾಗ ಹೋದದ್ದು ಹನ್ನೆರಡು, ಬಂದದ್ದು ಹನ್ನೆರಡು.
ಸಹಿ ಹಾಕಿದೆ. ಅಕ್ಷರ ಚಂದ ಬಂದಿತ್ತು.

ಆಮ್ಯಾಲೆ ನಳದ ಕೆಳಗ ಕೈ ತೊಳಸಾಕ ಕುಂತೆ.
ಪ್ರಜ್ವಲನ ಕಚ್ಚಿ ಕಚ್ಚಿ ಮೋಟಾದ ಉಗುರು,
ಇಂಚರಾಳ ಮದರಂಗಿ ಮಾಸಿದ ಅಂಗೈ,
ಸಿದ್ಧಾರೂಢನ ಮುಷ್ಟಿ, ಅದರೊಳಗ ಯಾವಾಗ್ಲೂ ಒಂದು ಹಳ್ಳು.
ಕಡೀ ಕೈ ಹಿಡದೆ.
ಬಿರುಸು. ಅಂಟಂಟು. ಕಬ್ಬಿನ ಹಾಲಿನ ವಾಸನಿ.
ಈ ಕೈ ನನಗ ಗೊತ್ತಿಲ್ಲ.

ಟೊಪ್ಪಿಗಿ ಎತ್ತಿದೆ.
ಮುಂದಿನ ಹಲ್ಲಿಲ್ಲದ ಯಾವನೋ ಹುಡುಗ
ನಗಾಕತ್ತಿದ್ದ.
"ಟೊಪ್ಪಿಗಿ ಕೆಳಗ ಬಿದ್ದಿತ್ರಿ. ಒಂದು ಗಂಟೂ ಖಾಲಿ ಇತ್ತು."

ಓಡಿದ್ದು ನೆನಪಿಲ್ಲ. ಚಪ್ಪಲಿ ಎಲ್ಲಿ ಬಿತ್ತೋ.
ಟಂಟಂನಾವ ಬೈದದ್ದು ಅಷ್ಟ ಕೇಳಿಸಿತು,
ಬಾಯಾಗ ಎರಡೇ ಅಕ್ಷರ, ಮಿಸ್ಬಾ, ಮಿಸ್ಬಾ.
ಪಾರ್ಕಿನ ಮೂಲ್ಯಾಗ ರೈಲಿನ ಬಣ್ಣ ಬಳದ ಸಿಮೆಂಟ್ ಪೈಪು,
ಅದರೊಳಗ ಮೊಣಕಾಲಿಗೆ ಗದ್ದ ಹಚ್ಚಿ ಕುಂತಿದ್ಲು
ಉಸರು ಬಿಗಿಹಿಡದು.
"ಆಂಟೀ, ಎಣಸೂದು ಮುಗೀತಾ?
ನೀ ಜೋರಾಗಿ ಒಂದು ಎರಡು ಅಂದಿ,
ನಾ ಅಡಕೊಂಡೆ.
ಇಷ್ಟೊತ್ತು ಯಾಕ ಹುಡುಕಲಿಲ್ಲ?"

ಹದಿನಾರು ನಿಮಿಷ.
ಮೇಡಂ ಅಂದ್ರು, ಸಿಕ್ಕಳಲ್ಲ, ಬರೀಬ್ಯಾಡ.
ಬರದೆ. ಆ ಚಂದನ ಹನ್ನೆರಡರ ಮ್ಯಾಲೆ ಗೀಟು ಎಳದು.
ಸಂಜಿಗೆ ಆಸ್ಪತ್ರಿ ಲ್ಯಾಬಿನ ಕೋಟಿನ್ಯಾಗ ಬಂದ ಅವರ ತಾಯಿಗೆ
ನಿಂತು ಹೇಳಿದೆ. ಆಕಿ ಏನೂ ಅನ್ನಲಿಲ್ಲ,
ಮಗಳ ತಲಿ ಮ್ಯಾಲೆ ಕೈ ಇಟ್ಟು, ತಗದು, ಮತ್ತ ಇಟ್ಟಳು.
ಮರುದಿನ ಕರಕೊಂಡು ಬಂದಳು.
ಅದು ಬೈಗಳಕ್ಕಿಂತ ಭಾರ ಇತ್ತು.

ಈಗ ನಾ ಎಣಸೂದಿಲ್ಲ. ಹೆಸರು ಕರೀತೀನಿ,
ಟೊಪ್ಪಿಗಿ ಎತ್ತಿ ಮಾರಿ ನೋಡತೀನಿ, ಕೈ ಮುಟ್ಟತೀನಿ.
ಹೊತ್ತು ಹಿಡೀತದ. "ಬಿಸಿಲವ್ವಾ" ಅಂತಾಳ ರೇಣವ್ವ,
ಅನ್ನಲಿ.

ಆ ಹುಡುಗನ ಹೆಸರು ಯಂಕಪ್ಪ.
ಅವತ್ತು ಕಬ್ಬಿನ ಹಾಲಿನ ಗಾಡಿಗೆ ಬಿಡಾಕ ಹೋದಾಗ
ಅವರಪ್ಪ ಗಾಣದಿಂದ ತಲಿ ಎತ್ತಿ
"ಎಲ್ಲಿಗೆ ಹೋಗಿದ್ದನ್ರೀ?" ಅಂದ.
ಹೋದದ್ದೇ ಆತಗ ಗೊತ್ತಿರಲಿಲ್ಲ.

ಕೆಲವು ದಿನ ಪಾರ್ಕಿನ ಗೇಟಿಗೆ ಒರಗಿ ನಿಂತಿರತಾನ.
ಗಂಟು ನೋಡತಾನ. ಹಗ್ಗದ ತುದಿಗೆ
ಇನ್ನೊಂದು ಗೇಣು ಸೀರಿ ಉಳದದ, ಅದನ್ನೂ ನೋಡತಾನ.
ನಾ ಒಬ್ಬೊಬ್ಬರ ಹೆಸರು ಕೂಗತೀನಿ,
ಹನ್ನೆರಡನೇದು ಮುಗದ ಮ್ಯಾಲೂ
ಅಂವ ಇನ್ನಾ ಕೇಳಸ್ಕೋತ ನಿಂತಿರತಾನ.