ಅಕ್ಕಿಕಾಳಿನುದ್ದದ ಗೆರೆ

ಹಾಲು ಕುಡಿಸಿ, ತೇಗಿಸಿ, ಸುತ್ತಿ ತನ್ನಿ ಅಂದಿದ್ದೆ.
ಇಷ್ಟು ಸಣ್ಣವಕ್ಕೆ ನಿದ್ದೆಯ ಮದ್ದು ಬೇಡ,
ಹೊಟ್ಟೆ ತುಂಬಿದ್ದರೆ ಗದ್ದಲದಲ್ಲೂ ಮಲಗುತ್ತವೆ.
ಮುಬೀನ್‌ತಾಜ್ ತಂದಳು.
ಹನ್ನೊಂದು ದಿನದ್ದು, ಎರಡೂಕಾಲು ಕೆಜಿ,
ಹುಟ್ಟಿದಾಗ ಏಳು ನಿಮಿಷ ಅಳದೇ ಇದ್ದದ್ದು.
ಹಳೇ ದುಪಟ್ಟಾದಲ್ಲಿ ಬಿಗಿದು ಸುತ್ತಿದ್ದಳು, ಮೂಗಷ್ಟೇ ಹೊರಗೆ.

ಬಳೆ ತೆಗೀರಿ, ಪಿನ್ನು ತೆಗೀರಿ, ಮಗುವಿನ ತಾಯತ ತೆಗೀರಿ.
ತಾಯತಕ್ಕೆ ಅತ್ತೆ ಒಪ್ಪಲಿಲ್ಲ.
ಒಳಗೆ ತಗಡಿದೆಯಾ, ಕೇಳಿದೆ.
'ಒಳಗೇನಿದೆ ಅಂತ ನೋಡಬಾರದು ಮೇಡಂ.'
ನಾನು ಅನ್ನ ತಿನ್ನುವುದೇ
ಒಳಗೇನಿದೆ ಅಂತ ನೋಡಿ.

ಇಪ್ಪತ್ತೆರಡು ನಿಮಿಷ.
ಮೊದಲು ಕಟಕಟ, ಆಮೇಲೆ
ಬೋರ್‌ವೆಲ್ ಲಾರಿಗೆ ಬಂಡೆ ಸಿಕ್ಕ ಸದ್ದು.
ಮಗು ಒಮ್ಮೆ ತುಟಿ ಚಪ್ಪರಿಸಿತು,
ಒಂದು ಚಿತ್ರ ಕದಡಿತು, ಮತ್ತೆ ತೆಗೆದೆ.
ಪರದೆಯ ಮೇಲೆ ಮಿದುಳು
ಹೋಳು ಹೋಳಾಗಿ ಇಳಿಯುತ್ತಾ ಬಂತು.

ನಡುವಿನ ಬೂದುಗಂಟುಗಳ ಪಕ್ಕ, ಓರೆಯಾಗಿ,
ಒಂದು ಬಿಳಿ ಗೆರೆ ಇರಬೇಕು.
ಅಕ್ಕಿಕಾಳಿನುದ್ದ. ಸೋನಾಮಸೂರಿ, ದಪ್ಪಕ್ಕಿಯಲ್ಲ.
ಕಾಲೆತ್ತು, ಮುಷ್ಟಿ ಬಿಚ್ಚು ಅನ್ನುವ ಮಾತೆಲ್ಲ
ಆ ಓಣಿ ಹಿಡಿದೇ ಕೆಳಗಿಳಿಯಬೇಕು.
ಎಡಕ್ಕೆ ಇತ್ತು, ಮಾಸಲು.
ಬಲಕ್ಕೆ ಹುಡುಕಿದೆ. ಬೆಳಕು ಏರಿಸಿ ಹುಡುಕಿದೆ.

ವರದಿ ಬರೆಯುವವರು ಡಾಕ್ಟರು.
ನನ್ನದು ಚಿತ್ರ ತೆಗೆಯುವುದು,
ಮುಖ ಸುಮ್ಮನಿರಿಸಿಕೊಳ್ಳುವುದು.
ಹದಿನಾಲ್ಕು ವರ್ಷ ಪಳಗಿಸಿದ ಮುಖ.
ಅವಳು ಗಾಜಿನಾಚೆಯಿಂದ ಅದನ್ನೇ ಓದಿದಳು.

ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ತೆಗೆಯುವವಳು.
'ಮಾರ್ಕೆಟ್ಟಲ್ಲಿ ಗೂಡು ಕಿವಿ ಹತ್ರ ಅಲ್ಲಾಡಿಸ್ತೀವಿ ಮೇಡಂ,
ಒಳಗಿನ ಹುಳ ಹೆಂಗಿದೆ, ನೂಲು ಎಷ್ಟು ಬರುತ್ತೆ ಹೇಳ್ತೀವಿ.
ನಮ್ಮ ಮಾವ ಹತ್ತಕ್ಕೆ ಎಂಟು ಸರಿ ಹೇಳ್ತಾರೆ.
ನಿಮ್ಮದು ಹತ್ತಕ್ಕೆ ಎಷ್ಟು?'

ಪುಸ್ತಕದಲ್ಲಿ ಅಂಕಿ ಇದೆ.
ನೂರು ಮಕ್ಕಳ ಅಂಕಿಯನ್ನು
ಒಂದು ಮಗುವಿಗೆ ಹೇಗೆ ಹಂಚುವುದು,
ಅದು ಪುಸ್ತಕದಲ್ಲಿಲ್ಲ.
ಡಾಕ್ಟರು ಹೇಳ್ತಾರೆ ಅಂದೆ.
ಡಾಕ್ಟರು ಹೇಳಿದರು: ವ್ಯಾಯಾಮ ಇವತ್ತಿಂದಲೇ.
ಮೂರು ತಿಂಗಳಿಗೆ ಕರೆತನ್ನಿ,
ಕೈಕಾಲು ಆಡಿಸೋದನ್ನ ವಿಡಿಯೋ ಮಾಡಿ ನೋಡೋಣ.
'ಆಡಿಸ್ದೇ ಇದ್ರೆ?' ಅತ್ತೆ ಕೇಳಿದಳು.
ಆಗಲೂ ನೋಡೋಣ.

ಆ ರಾತ್ರಿ ಅಕ್ಕಿ ಆರಿಸುವಾಗ
ಒಂದು ಕಾಳನ್ನು ಮೊರದ ಅಂಚಿಗೆ ತಂದು ನಿಲ್ಲಿಸಿದೆ.
ಕಲ್ಲಾ ಅಮ್ಮ? ಅಂದ ನನ್ನ ಮಗ.
ಅಲ್ಲ.

ಎರಡು ವರ್ಷದ ಮೇಲೆ
ಕೆಳಗಿನ ವ್ಯಾಯಾಮದ ಕೋಣೆಯಿಂದ
ನನ್ನ ಬಾಗಿಲತನಕ ಬಂದರು. ಅಫ್ನಾನ್ ನಡೆದೇ ಬಂದ,
ಗೋಡೆಗೆ ಭುಜ ಉಜ್ಜುತ್ತಾ,
ಎಡ ಹಿಮ್ಮಡಿ ನೆಲಕ್ಕೆ ತಾಗಿಸದೆ.
ಕಾಲಿಗೆ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಬಸ್ಸಿನ ಸ್ಟಿಕರ್,
ಪಟ್ಟಿಯ ಕೊಂಡಿಗೆ ತಾಯತ.
ಎಡ ಹೆಬ್ಬೆರಳು ಇನ್ನೂ ಮುಷ್ಟಿಯೊಳಗೆ.

ಗೆರೆ ಸುಳ್ಳು ಹೇಳಿರಲಿಲ್ಲ.
ಆದರೆ ಉರ್ದುವಲ್ಲಿ ಕೇಳಿದರೆ ತೆಲುಗಲ್ಲಿ ಉತ್ತರ ಕೊಡುತ್ತಾನೆ,
ಕಂಡವರ ಜೇಬಿಗೆಲ್ಲ ಬಲಗೈ ಹಾಕುತ್ತಾನೆ,
ನನ್ನ ಪೆನ್ನು ಈಗ ಅವನದ್ದು.
ಇದು ಯಾವ ಹೋಳಿನಲ್ಲಿತ್ತು?

'ಆವತ್ತೇ ನಿಮಗೆ ಗೊತ್ತಿತ್ತು.'
ಗೊತ್ತಿತ್ತು ಅಂದೆ.
'ಗೊತ್ತಾಗಿದ್ದಕ್ಕೇ ಹನ್ನೆರಡನೇ ದಿನದಿಂದ ಬೆರಳು ತೀಡಿದೀನಿ.
ಗೊತ್ತಾಗದೇ ಇದ್ದಿದ್ರೆ ಒಂದಷ್ಟು ತಿಂಗಳು
ಬರೀ ಅಮ್ಮ ಆಗಿರ್ತಿದ್ದೆ.'
ಎರಡನ್ನೂ ಒಂದೇ ದನಿಯಲ್ಲಿ ಅಂದಳು,
ತಕ್ಕಡಿಯ ಮುಳ್ಳು ಅತ್ತಿತ್ತ ಹೋಗದಂತೆ.
ಚಿಂತಾಮಣಿ ಬಸ್ಸಿಗೆ ಹೊತ್ತಾಯ್ತು ಅಂತ
ಮಗನನ್ನು ಸೊಂಟಕ್ಕೇರಿಸಿದಳು.
ಅವನು ಇಳಿದ. ಅವಳು ಏರಿಸಿದಳು. ಅವನು ಇಳಿದ.

ಒಳಗೆ ಇನ್ನೊಂದು ಮಗು, ಸುತ್ತಿ ತಂದದ್ದು,
ಹಾಲು ಕುಡಿದು ಬಿಕ್ಕಳಿಸುತ್ತಿತ್ತು.
ಬಿಕ್ಕಳಿಕೆ ನಿಲ್ಲುವ ತನಕ ಚಿತ್ರ ಬರುವುದಿಲ್ಲ.
ಕಾಯಿರಿ ಅಂದೆ.
ನಾನೂ ಅಲ್ಲೇ ನಿಂತೆ.