ಗಿಣಿಗೇರಿ ಆದಮೇಲೆ

ಮಂಗಳವಾರ ಲೈನಿನ ಕಂಬ ಬದಲಾಯಿಸ್ತಾರಂತೆ,
ಬೆಳಗ್ಗೆಯಿಂದ ಸಂಜೆತನಕ ಕರೆಂಟಿಲ್ಲ,
ಅಂತ ಹೇಳಿ ಹೊನ್ನೂರ ಚಪ್ಪಲಿ ಬಿಟ್ಟ.
ಬಿಡುತ್ತಲೇ ಅಂದ: ಎಲ್ಲಿಗಾದರೂ ಹೋಗಾನ?
ಹದಿನೇಳು ವರ್ಷದಲ್ಲಿ ಅವನ ಬಾಯಲ್ಲಿ ಈ ಮಾತು ಮೊದಲ ಸಲ.
ಒಲೆ ಸಣ್ಣ ಮಾಡಿ ಕೇಳಿದೆ: ಯಾರು ಸತ್ತರು?

ಅವನು ಜೀನ್ಸ್ ಹೊಲಿಯುವವನು. ಇಡೀ ಪ್ಯಾಂಟಲ್ಲ,
ಬಲಗಡೆಯ ಹಿಂದಿನ ಜೇಬು, ಅದರ ಮೇಲಿನ ಪಟ್ಟಿ.
ದಿನಕ್ಕೆ ಇನ್ನೂರು ಜೇಬು, ಒಂದರಲ್ಲೂ ಕೈ ಇಟ್ಟು ನೋಡಿದವನಲ್ಲ.
ಉಗುರ ಸಂದಿಯ ನೀಲಿ ನಿಕಾದ ದಿನವೂ ಹೋಗಿರಲಿಲ್ಲ;
ಮೆಹಂದಿಯ ನನ್ನ ಕೈ ಪಕ್ಕ ಅವನದು
ನೇರಳೆಹಣ್ಣು ಕದ್ದ ಹುಡುಗನ ಕೈಯಂಗಿತ್ತು.
ಪಟ್ಟಿಯ ಮೇಲೆ ಬಂಗಾರದ ದಾರದಲ್ಲಿ ‘ಮಿಲಾನೋ’ ಅಂತ ಇರುತ್ತೆ.
ಎಲ್ಲೈತೆ ಈ ಊರು, ಅಂತ ಒಮ್ಮೆ ಕೇಳಿದ್ದೆ.
ಗಿಣಿಗೇರಿ ಆದಮೇಲೆ, ಅಂದಿದ್ದ, ಹಲ್ಲಲ್ಲಿ ದಾರ ಕಚ್ಚಿಕೊಂಡು.

ನಾವು ಹೊರಟಿದ್ದು ಮುನಿರಾಬಾದಿಗೆ.
ಡ್ಯಾಮು ನೋಡೋದು, ತೋಟದಲ್ಲಿ ಕೂರೋದು,
ಹೊಳೆ ಮೀನು ಅಲ್ಲೇ ಕರಿದು ಕೊಡ್ತಾರಂತೆ, ಅದು ತಿನ್ನೋದು.
ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದೆ.
ಪುಂಡಿಪಲ್ಯ, ಗುರೆಳ್ಳು ಪುಡಿ, ಎರಡು ಉಳ್ಳಾಗಡ್ಡಿ,
ಜೀನ್ಸ್ ತುಂಡಲ್ಲಿ ಅವನೇ ಹೊಲಿದ ಚೀಲದೊಳಗೆ.
ಮೀನು ಚಲೋ ಇಲ್ಲದಿದ್ರೆ ಇರಲಿ ಅಂತ.
ಚಲೋ ಇದ್ರೂ ಇರಲಿ ಅಂತ.

ಪ್ಯಾಸೆಂಜರಿನಲ್ಲಿ ಕಿಟಕಿ ಸೀಟು ನನಗೆ ಬಿಟ್ಟ,
ಕುಡತಿನಿಯಲ್ಲಿ ವಾಪಸ್ಸು ಕೇಳಿದ.
ದರೋಜಿಯಲ್ಲಿ ಶೇಂಗಾ ಮಾರುವ ಹುಡುಗಿ ಹತ್ತಿದಳು,
ಲೋಟ ಅಳೆದು ಮೇಲೊಂದು ಹಿಡಿ ಹಾಕಿದಳು.
ತೋರಣಗಲ್ಲಿನ ಹೊಗೆ ನೋಡಿ, ಮಾಬುನ್ನಿ, ಮೋಡ! ಅಂದ.
ಮೋಡ ಅಲ್ಲ ಅಂತ ಅವನಿಗೂ ಗೊತ್ತು.
ಹೊಸಪೇಟೆ ಬಿಟ್ಟರೆ ಹೊಳೆ, ಕಾಸು ಹಾಕಬೇಕು,
ಅಂತ ಒಂದು ರೂಪಾಯಿ ಮುಷ್ಟಿಯಲ್ಲಿ ಹಿಡಿದೆ.
ಅವನ ತಲೆ ನನ್ನ ಹೆಗಲಿಗೆ, ನನ್ನದು ಕಿಟಕಿ ಸರಳಿಗೆ.
ಹೊಸಪೇಟೆ ಹೋಯ್ತು. ಹೊಳೆ ಹೋಯ್ತು. ಡ್ಯಾಮು ಹೋಯ್ತು.
ಟಿಕೆಟಿನಲ್ಲಿದ್ದ ಊರೂ ಹೋಯ್ತು.
ಗಡಬಡಿಸಿ ಇಳಿದಾಗ ಹಳದಿ ಹಲಗೆಯ ಮೇಲೆ ಕರಿ ಅಕ್ಷರ:
ಗಿಣಿಗೇರಿ.

ಹೊರಟ ಟ್ರೈನಿನ ಹಿಂದೆ ನಾಕು ಹೆಜ್ಜೆ ಓಡಿದ, ಯಾಕೋ ಗೊತ್ತಿಲ್ಲ.
ತಿರುಗಿ ಬಂದು ಸೊಂಟದ ಮೇಲೆ ಕೈ ಇಟ್ಟು
ಹಳಿಯಾಚೆಯ ಕೆಂಪು ದೂಳನ್ನು, ಕಾರ್ಖಾನೆಯ ಕೊಳವೆಗಳನ್ನು,
ಜಾಲಿ ಕೆಳಗೆ ಮಲಗಿದ್ದ ಲಾರಿ ಕ್ಲೀನರನ್ನು
ಮಾಲು ಆರಿಸುವವನ ಹಾಗೆ ನೋಡಿದ.
ಇನ್ನೊಂದು ಸ್ಟೇಷನ್ ಮಲಗಿದ್ರೆ
ಬಂದೇಬಿಡ್ತಿತ್ತಲ್ಲ ನಿನ್ನ ಮಿಲಾನೋ, ಅಂದೆ.
ನಗಬೇಕೋ ಬೇಡವೋ ಅಂತ ನನ್ನ ಮುಖ ನೋಡಿದ.

ತಿರುಗಿ ಹೋಗುವ ಗಾಡಿ ಸಂಜೆ ಐದಕ್ಕೆ.
ಬಸ್ಸಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ಸಿಮೆಂಟು ಬೆಂಚಿನ ಮೇಲೆ ಚೀಲ ಬಿಚ್ಚಿದೆವು.
ರೊಟ್ಟಿ ಹಪ್ಪಳದಂತಾಗಿತ್ತು, ಮುರಿದರೆ ಸದ್ದು.
ಹೊರಗಿನ ತಳ್ಳುಗಾಡಿಯಲ್ಲಿ ಒಗ್ಗರಣಿ, ಮಿರ್ಚಿ.
ಮಂಡಾಳು ನೆನೆದದ್ದು ಹೆಚ್ಚಾಗಿ ಮುದ್ದೆ,
ಮಿರ್ಚಿ ಮಾತ್ರ ಕಿವಿಯಲ್ಲಿ ಶಿಳ್ಳೆ ಹಾಕುವಂಥದ್ದು.
ನಾಲ್ಕು ತಿಂದ. ಎರಡು ಕಟ್ಟಿಸಿದ.
ಚಾದ ಲೆಕ್ಕಕ್ಕೆ ಒಂದು ರೂಪಾಯಿ ಕಮ್ಮಿ ಬಿತ್ತು;
ಹೊಳೆಗೆ ಅಂತ ಹಿಡಿದದ್ದು ಚಾದವನಿಗೆ ಹೋಯ್ತು, ಇನ್ನೂ ಬೆಚ್ಚಗೆ.

ಇದ್ದಿಲು ಹುಡುಕಿ ತಂದು ನೆಲದ ಮೇಲೆ ಚೌಕಾಬಾರ ಬರೆದ.
ಕವಡೆಯ ಬದಲು ಶೇಂಗಾ ಸಿಪ್ಪೆ.
ಗಾಳಿ ಬೀಸಿದಾಗಲೆಲ್ಲ ಅವನ ಲೆಕ್ಕಕ್ಕೆ ನಾಲ್ಕು.
ಮೋಸ, ಅಂದೆ.
ಗಾಳಿಗೆ ಹೇಳು, ಅಂದ.
ಆಟಕ್ಕೆ ಕೂತರೆ ಇಷ್ಟು ಮಾತಾಡುವವನು ಅಂತ
ನೋಡಲು ಬಂದಾಗ ಯಾರೂ ಹೇಳಿರಲಿಲ್ಲ.

ಐದರ ಗಾಡಿ ಏಳಕ್ಕೆ ಬಂತು.
ಈ ಸಲ ನಾನು ಎಚ್ಚರವಿದ್ದೆ, ಹೊಳೆ ಕಾಣಲಿಲ್ಲ.
ಗಾಲಿಯ ಸದ್ದು ಒಮ್ಮೆಲೇ ಟೊಳ್ಳಾಯ್ತು,
ಇದೇ ಇರಬೇಕು ಅಂದುಕೊಂಡೆ.
ಹಾಕಲು ಕಾಸಿರಲಿಲ್ಲ. ಎರಡು ಮಿರ್ಚಿಯಿದ್ದವು, ಹಾಕಲಿಲ್ಲ.
ನಿದ್ದೆಯಲ್ಲಿ ಅವನ ಹೆಬ್ಬೆರಳು ನನ್ನ ಸೆರಗಿನ ಅಂಚು ಹಿಡಿದು
ಹೊಲಿಗೆ ನೇರ ಐತೋ ಇಲ್ಲವೋ ತಡಕುತ್ತಿತ್ತು.

ಓಣಿಗೆ ಬಂದಾಗ ಕರೆಂಟು ಬಂದಿತ್ತು.
ಡ್ಯಾಮು ಹೆಂಗಿತ್ತು, ಅಂದಳು ಕಟ್ಟೆ ಮೇಲಿನ ಖಾಜಾಬಿ.
ನೀರು ಬಾಳ ಐತೆ,
ಅಂದ ಹೊನ್ನೂರ, ಬೀಗ ತೆಗೆಯುತ್ತ.