ಮಂಗಳವಾರ ಸಂಜೆ, ನಾಮಪದ

ಗ್ರಿಮ್ಸ್‌ಬಿಯಲ್ಲಿ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಕೋಣೆ
ನಮ್ಮ ಶಾಲೆ. ಕೆಳಗೆ ಯಂತ್ರ ಗಿರಗುಟ್ಟಿದರೆ
ಬಿಳಿ ಹಲಗೆಯೂ ನಡುಗುತ್ತದೆ.
ಕಲಿಸುವವಳು ಡೋರೀನ್, ಎಪ್ಪತ್ತು ದಾಟಿದವಳು;
ಮೂವತ್ತು ವರ್ಷ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಎಣಿಸಿದ್ದೇ
ಅವಳ ದೊಡ್ಡ ಓದು.

"ಮುಟ್ಟಿ, ಹೆಸರು ಹೇಳಿ. ಅದೇ ನಾಮಪದ" ಅಂದಳು ಮೊದಲ ದಿನ.
ಲುವಾಮ್ ಕಿಟಕಿ ಮುಟ್ಟಿದಳು, ಓಸ್ತಾಪ್ ತನ್ನ ಮಂಡಿ.
ನಾನು ಮೇಜಿನ ಮೇಲಿದ್ದುದನ್ನು ಮುಟ್ಟಿ "ಒಂದು ಬ್ರೆಡ್" ಅಂದೆ.
"ಬ್ರೆಡ್ಡಿಗೆ ಒಂದು ಎರಡು ಇಲ್ಲ ನವ್ರಸ್,
ಅದು ಎಣಿಕೆಗೆ ಸಿಗದ ಪದ."

ಸಿಗದೆ ಏನು?
ಹಮಾದಲ್ಲಿ ಹನ್ನೊಂದು ವರ್ಷ ಒಲೆಯ ಮುಂದೆ ನಿಂತವನು ನಾನು.
ಕೊನೆಯ ಚಳಿಗಾಲ ಮನೆಗೆ ಏಳು ರೊಟ್ಟಿ, ಆಮೇಲೆ ಐದು,
ಆಮೇಲೆ ಎರಡು. ಒಬ್ಬ ಮುದುಕಿ ಆ ಎರಡನ್ನೂ
ಬಿಡಿಸಿ ಬಿಡಿಸಿ ಎಣಿಸುತ್ತಿದ್ದಳು,
ನಡುವೆ ಮೂರನೆಯದು ಅಂಟಿಕೊಂಡಿದ್ದರೆ ಎಂದು.
ಇಂಗ್ಲಿಷಿಗೆ ಹಸಿವಾಗಿಲ್ಲ, ಅಷ್ಟೆ.

ಕುರ್ಚಿ ಎಣಿಸಬಹುದು, ಮಂಚ ಎಣಿಸಬಹುದು,
ಸೇರಿಸಿ ಫರ್ನಿಚರ್ ಅಂದ ಕೂಡಲೇ ಲೆಕ್ಕ ಮುಗಿಯಿತು.
ಲಗೇಜೂ ಹಾಗೇ. (ಓಸ್ತಾಪ್ ನಕ್ಕ; ಅವನದು ಒಂದೇ ಚೀಲ.)
ಕುರಿ ಒಂದಿದ್ದರೂ ಶೀಪ್, ದೊಡ್ಡಿ ತುಂಬಿದರೂ ಶೀಪ್.
ಲುವಾಮ್‌ಗೆ ಸಿಟ್ಟು: ಕೆರೆನ್ ಗುಡ್ಡದಲ್ಲಿ ನಮ್ಮಜ್ಜ
ಒಂದು ಕುರಿ ಕಡಿಮೆಯಾದರೆ ರಾತ್ರಿ ಉಣ್ಣುತ್ತಿರಲಿಲ್ಲ,
ನಿಮ್ಮ ಪದಕ್ಕೆ ಕಳೆದದ್ದೇ ತಿಳಿಯುವುದಿಲ್ಲವಲ್ಲ!

ಅಂಕಿತನಾಮಕ್ಕೆ ಮೊದಲಕ್ಷರ ದೊಡ್ಡದು.
ಲುವಾಮಳ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ, ನನ್ನದರಲ್ಲೂ ಇಲ್ಲ;
ಅರಸನೂ ಅಗಸನೂ ಒಂದೇ ಎತ್ತರಕ್ಕೆ ನಿಲ್ಲುವ ಸಾಲು ನಮ್ಮದು.
ನನ್ನ ಹೆಸರಿಗೆ ತಲೆಯೆತ್ತಲು ಕಲಿಸಿದೆ,
ಹೊಸ ಜೋಡು ಮೆಟ್ಟಿದ ಹಾಗೆ ನಾಚಿಕೆಯಾಯಿತು.
ನವ್ರಸ್ ಅಂದರೆ ನಮ್ಮಲ್ಲಿ ಕಡಲಹಕ್ಕಿ.
ದೊಡ್ಡಕ್ಷರದಲ್ಲಿ ಬರೆದರೆ ನಾನು,
ಚಿಕ್ಕಕ್ಷರದಲ್ಲಿ ಬರೆದರೆ ಧಕ್ಕೆಯ ಮೇಲೆ
ಮಂದಿಯ ಕೈಯಿಂದ ಚಿಪ್ಸ್ ಕಸಿಯುವ ಕಳ್ಳ.
"ಮೂವತ್ತು ವರ್ಷ ನನ್ನ ಲೆಕ್ಕ ತಪ್ಪಿಸಿದ್ದು ನೀನೇನಾ"
ಎಂದು ಡೋರೀನ್ ಕಣ್ಣು ಕಿರಿದು ಮಾಡಿದಳು.
ನಿರಾಶ್ರಿತ ಎಂಬುದಕ್ಕೆ ಚಿಕ್ಕಕ್ಷರ ಸಾಕು, ಅದು ರೂಢನಾಮ.
ಕಚೇರಿಯ ಅರ್ಜಿಯಲ್ಲಿ ಮಾತ್ರ ಅದು ಮುಂದೆ, ನಾನು ಹಿಂದೆ.

ಗುಂಪಿನ ಹೆಸರುಗಳ ಪಾಠದ ದಿನ ಹೊರಗೆ ಕಾವಳ.
ಹಲಗೆಯ ಮೇಲೆ 'ಕ್ರ್ಯೂ' ಅಂತ ಬರೆದಳು, ಹಡಗಿನ ಮಂದಿ.
ಏಕವಚನವೋ ಬಹುವಚನವೋ, ಓಸ್ತಾಪ್ ಕೇಳಿದ.
ಎರಡೂ ನಡೆಯುತ್ತದೆ, ಅಂದಳು.
ಮಾರ್ಕರಿನ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.
ಬಂದರು ಬಿಡುವಾಗ, ಕ್ರ್ಯೂ ವಾಸ್. ಒಟ್ಟಿಗೇ ಹೋದರಲ್ಲ.
ಬರಲಿಲ್ಲ ಅನ್ನುವಾಗ, ಕ್ರ್ಯೂ ವರ್.
ಹತ್ತೊಂಬತ್ತು ಜನ. ನಮ್ಮಣ್ಣ ಅಡುಗೆಯವನು.

ಕೆಳಗೆ ಯಂತ್ರ ನಿಂತಿತ್ತು.
ಯಾರೂ ಬರೆದುಕೊಳ್ಳಲಿಲ್ಲ.
ಅವಳು ಪೆಟ್ಟಿಗೆ ಎಣಿಸುವ ದನಿಯಲ್ಲಿ
ಒಂದೊಂದೇ ಹೆಸರು ಹೇಳತೊಡಗಿದಳು;
ಹನ್ನೆರಡನೆಯದಕ್ಕೆ ತಡವರಿಸಿ
ಮತ್ತೆ ಮೊದಲಿನಿಂದ.

ಮುಂದಿನ ಮಂಗಳವಾರ ಭಾವನಾಮವಂತೆ,
ಮುಟ್ಟಲಿಕ್ಕಾಗದ್ದು. ನಾನು ಮನೆಯಲ್ಲೇ ಸುಟ್ಟು
ಟವೆಲ್ಲಿನಲ್ಲಿ ಸುತ್ತಿ ತಂದೆ.
ಏನು ತಂದೆ, ಅಂದಳು.
ಸಮ್ ಬ್ರೆಡ್, ಅಂದೆ, ವ್ಯಾಕರಣ ತಪ್ಪದೆ.
ಅವಳು ಕನ್ನಡಕ ಏರಿಸಿ, ಟವೆಲ್ ಸರಿಸಿ,
ಒಂದೊಂದಕ್ಕೂ ಬೆರಳು ತಾಗಿಸಿ ಎಣಿಸಿದಳು.
ಎಂಟು, ಅಂದಳು. ಒಂದು ಸ್ವಲ್ಪ ಸೀದಿದೆ.